ಹೊಳೆಯಿಲ್ಲದ ಊರಿನ ಅಕ್ಕಿ ಲೆಕ್ಕ

ಕಳೆದ ಜನವರಿಯಲ್ಲಿ ಅಪ್ಪಯ್ಯ ಮಸ್ಕತ್ತಿಗೆ ಬಂದರು. ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರ ಮೊದಲ ವಿಮಾನಯಾನ. ಎರಡು ದಿನ ಮಾಲ್, ಮಸೀದಿ, ಅಗಲದ ರಸ್ತೆ ಎಲ್ಲ ನೋಡಿ ಖುಷಿಪಟ್ಟರು. ಮೂರನೆಯ ದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು, ಎದುರಿನ ಬೋಳುಗುಡ್ಡಗಳನ್ನು ನೋಡುತ್ತ ಕೇಳಿದರು: “ಮಗಾ, ಇಲ್ಲ್ ಹೊಳಿ ಎಲ್ಲಿತ್ತ್?”

ಬಸ್ರೂರಿನ ಬಳಿ ವಾರಾಹಿ ಹೊಳೆಯ ಬದಿಯಲ್ಲಿ ಹುಟ್ಟಿ, ಅಲ್ಲೇ ಗದ್ದೆ ಮಾಡಿ ಬದುಕಿದವರು ಅವರು. ಒಮಾನಿನಲ್ಲಿ ವರ್ಷವಿಡೀ ಹರಿದು ಸಮುದ್ರ ಸೇರುವ ಹೊಳೆ ಇಲ್ಲ. ಮಳೆ ಬಂದಾಗ ಮಾತ್ರ ತುಂಬಿ ಬರುವ ‘ವಾದಿ’ಗಳಿವೆ, ಉಳಿದ ದಿನ ಅಲ್ಲಿ ಬರೀ ಕಲ್ಲು ಎಂದೆ. ಅವರು ನಂಬಲಿಲ್ಲ. ಹೊಳೆಯಲ್ಲದಿದ್ದರೆ ಹೋಗಲಿ, ದೋಣಿಯಾದರೂ ಹತ್ತಿಸೋಣ ಎಂದು ಆ ವಾರಾಂತ್ಯಕ್ಕೆ ಸೂರ್ಯಾಸ್ತದ ದೋಣಿವಿಹಾರಕ್ಕೆ ಎರಡು ಟಿಕೆಟ್ ತೆಗೆದೆ.

ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಬೇಕು. ಅಪ್ಪಯ್ಯ ಬರುವಾಗ ಹಲಸಿನ ಹಪ್ಪಳದ ಜೊತೆಗೆ ಒಂದು ಕಡತವನ್ನೂ ತಂದಿದ್ದರು. ಹೊಳೆಬದಿಯ ನಮ್ಮ ಬಯಲುಗದ್ದೆ ಮೂರು ವರ್ಷದಿಂದ ಹಡಿಲು ಬಿದ್ದಿದೆ. ಆಳು ಸಿಗುವುದಿಲ್ಲ, ಸಿಕ್ಕರೂ ಸಂಬಳ ಹುಟ್ಟುವುದಿಲ್ಲ. ಕೊಳ್ಳುವವರೊಬ್ಬರು ಬಂದಿದ್ದರು. ನಾನು ಬಿಕಾಂ, ಸಿಎ ಓದಿದವನು. ಹದಿನೈದು ವರ್ಷದಿಂದ ಇಲ್ಲಿ ಕಂಪನಿಗಳ ಲೆಕ್ಕ ನೋಡುವವನು. ಒಂದು ರಾತ್ರಿ ಕೂತು ಗದ್ದೆಯ ಜಮಾಖರ್ಚು ಬರೆದು, ಬೇಸಾಯ ಮಾಡಿದಷ್ಟೂ ನಷ್ಟ, ಮಾರುವುದೇ ಲೇಸು ಎಂದು ಕಳಿಸಿದ್ದೆ. ಅವರು ಅದನ್ನು ಪ್ರಿಂಟ್ ಹಾಕಿಸಿ ಮಡಚಿ ತಂದಿದ್ದರು. ಆದರೆ ಬಂದಂದಿನಿಂದ ಆ ಮಾತು ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ದೋಣಿ ಹೊರಡುವುದು ಬಂದರ್ ಅಲ್ ರೌದಾ ಎಂಬಲ್ಲಿಂದ. ಅಲ್ಲಿಂದ ಹಳೆ ಮಸ್ಕತ್ತಿನ ಕೋಟೆಗಳ ಮುಂದೆ ಹಾದು ಮತ್ರಾ ಕೊಲ್ಲಿಗೆ ಬಂದು ತಿರುಗುತ್ತದೆ. ಮರದ ದೋಣಿ, ಒಳಗೆ ಡೀಸೆಲ್ ಎಂಜಿನ್. ಅಪ್ಪಯ್ಯ ಹತ್ತಿದವರೇ ಬದಿಯ ಹಲಗೆಯನ್ನು ಎರಡು ಸಲ ತಟ್ಟಿ, “ಇದ್ ನಮ್ಮ ಮಂಜಿಯೇ ಸೈ” ಎಂದರು. ತಪ್ಪೇನಲ್ಲ. ಒಮಾನಿನಲ್ಲಿ ಹಡಗು ಕಟ್ಟುವ ಮರ ಬೆಳೆಯುವುದು ಕಡಿಮೆ. ಶತಮಾನಗಳ ಕಾಲ ಇಲ್ಲಿನವರು ತೇಗವನ್ನು ನಮ್ಮ ಪಶ್ಚಿಮ ಕರಾವಳಿಯಿಂದ ತರಿಸಿಕೊಂಡರು. ಏಲಕ್ಕಿ ಹಾಕಿದ ಕಹ್ವಾ ಬಂತು, ಖರ್ಜೂರ ಬಂತು. ಏಲಕ್ಕಿಯ ವಾಸನೆಗೆ ಅವರ ಮುಖ ಅರಳಿತು.

ಹಳೆ ಮಸ್ಕತ್ತಿನ ಬಾಯಿಗೆ ಬಂದಾಗ ಗೈಡ್ ಹುಡುಗ ಮೈಕ್ ಹಿಡಿದ. ಎಡಕ್ಕೊಂದು ಬಲಕ್ಕೊಂದು, ಬಂಡೆಯ ನೆತ್ತಿಯ ಮೇಲೆ ಜಲಾಲಿ, ಮಿರಾನಿ ಕೋಟೆಗಳು; ನಡುವೆ ಸುಲ್ತಾನರ ಅಲ್ ಆಲಂ ಅರಮನೆ. 1507ರಲ್ಲಿ ಅಲ್ಬುಕರ್ಕ್ ಬಂದು ಊರು ಸುಟ್ಟ. 1552ರಲ್ಲಿ ತುರ್ಕಿಯ ಪೀರಿ ರೇಯಿಸ್ ಬಂದು ಹಿಡಿದ, ಹೋದ. 1581ರಲ್ಲಿ ತುರ್ಕರು ಮತ್ತೆ ಬಂದು ದೋಚಿದರು. ಆಮೇಲೆ ಪೋರ್ಚುಗೀಸರು ಈ ಎರಡು ಕೋಟೆಗಳನ್ನು ಗಟ್ಟಿಮಾಡಿ ಕಟ್ಟಿದರು. 1650ರ ಜನವರಿಯಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಅವರನ್ನು ಓಡಿಸಿದ. ಇಷ್ಟನ್ನು ಆತ ಪಾಠದಂತೆ ಒಪ್ಪಿಸಿದ. ನಂತರ ಬಂಡೆಯ ಮೈಮೇಲೆ ಬಿಳಿ ಬಣ್ಣದ ಅಕ್ಷರಗಳನ್ನು ತೋರಿಸಿದ. ಬಂದರಿಗೆ ಬಂದ ಹಡಗುಗಳ ನಾವಿಕರು ತಮ್ಮ ಹಡಗಿನ ಹೆಸರನ್ನು ಬಂಡೆಗೆ ಬರೆದು ಹೋಗುವ ಪದ್ಧತಿ ಇತ್ತು. ಅದಕ್ಕೆ ‘ಸುಲ್ತಾನರ ಅತಿಥಿ ಪುಸ್ತಕ’ ಎಂದು ಅಡ್ಡಹೆಸರು. ನನಗೆ ಓದಲು ಸಿಕ್ಕ ಹೆಸರುಗಳಲ್ಲಿ ಬ್ರಿಟಿಷ್ ಯುದ್ಧನೌಕೆಗಳವೇ ಹೆಚ್ಚು.

ಅಪ್ಪಯ್ಯನಿಗೆ ನಾನು ಕನ್ನಡದಲ್ಲಿ ಹೇಳುತ್ತ ಬಂದೆ. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: “ಹೊಳಿ ಇಲ್ಲೆ, ಗದ್ದಿ ಇಲ್ಲೆ. ಆ ಕೋಟಿಯಂಗ್ ಇದ್ದರ್ ಉಂಬುಕೆ ಎಂತ ಮಾಡ್ತಿದ್ರ್?”

ಗೈಡ್ ಹೇಳದೆ ಬಿಟ್ಟದ್ದು ಅದನ್ನೇ. ಉತ್ತರ ನಮ್ಮೂರಿನಲ್ಲೇ ಇದೆ ಎಂಬುದು ನನಗೆ ಗೊತ್ತಿದ್ದೂ, ಅವರು ಕೇಳುವ ತನಕ ಅದು ಮುಖ್ಯವೆನ್ನಿಸಿರಲಿಲ್ಲ.

ಅವರು ಉಂಡದ್ದು ನಮ್ಮ ಅಕ್ಕಿ. ಒಮಾನಿನ ನೆಲ ಖರ್ಜೂರ ಕೊಡುತ್ತದೆ, ಕಡಲು ಮೀನು ಕೊಡುತ್ತದೆ. ಅಕ್ಕಿ ಮಾತ್ರ ಹಡಗಿನಲ್ಲೇ ಬರಬೇಕು. ಗೋವೆಯ ಪೋರ್ಚುಗೀಸರು ತಮ್ಮ ಹೊಟ್ಟೆಗೂ, ಹೊರ್ಮುಜ್ ಮತ್ತು ಮಸ್ಕತ್ತಿನ ಕೋಟೆಗಳಿಗೂ ನೆಚ್ಚಿಕೊಂಡದ್ದು ‘ಕೆನರಾ’ ಎಂದು ಅವರು ಕರೆದ ನಮ್ಮ ಕರಾವಳಿಯ ಅಕ್ಕಿಯನ್ನು: ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರು. ಇದು ಬರೀ ವ್ಯಾಪಾರವಾಗಿಯೂ ಶುರುವಾದದ್ದಲ್ಲ. 1502ರಲ್ಲಿ ವಾಸ್ಕೋ ಡ ಗಾಮ ಎರಡನೆಯ ಸಲ ಬಂದಾಗ ಭಟ್ಕಳದ ಮೇಲೆ ಬಿದ್ದು ಕಪ್ಪ ಗೊತ್ತುಮಾಡಿದ. ಪೋರ್ಚುಗೀಸರ ಬರಹಗಳ ಪ್ರಕಾರ ಆ ಕಪ್ಪ ಹೀಗಿತ್ತು: ವರ್ಷಕ್ಕೆ 1000 ಹೊರೆ ಸಾಮಾನ್ಯ ಅಕ್ಕಿ ನಾವಿಕರಿಗೆ, 500 ಹೊರೆ ಒಳ್ಳೆಯ ಅಕ್ಕಿ ಕಪ್ತಾನರಿಗೆ. ಲೆಕ್ಕದ ಮನುಷ್ಯನಾದ ನನಗೆ ಆ ಎರಡು ಸಾಲು ಮರೆಯುವುದಿಲ್ಲ. ಸುಲಿಗೆಯಲ್ಲೂ ಎರಡು ದರ್ಜೆ, ಎರಡು ಕಾಲಂ!

1569ರಲ್ಲಿ ಅವರು ಹೊನ್ನಾವರವನ್ನೂ ಬಸ್ರೂರನ್ನೂ ಹಿಡಿದು ಕೋಟೆ ಹಾಕಿದರು. ಬಸ್ರೂರು ಆಗ ಎರಡಾಗಿತ್ತು. ಕೆಳಗೆ ಪೋರ್ಚುಗೀಸರ ಕೋಟೆ. ಹೊಳೆಯಲ್ಲಿ ಮೇಲಕ್ಕೆ ಹೋದರೆ ನಮ್ಮ ವರ್ತಕರ ಪೇಟೆ. ಅಕ್ಕಿಯ ನಿಜವಾದ ಕೀಲಿಕೈ ಇದ್ದದ್ದು ಪೇಟೆಯವರ ಕೈಯಲ್ಲಿ. ಲೆಕ್ಕವೆಲ್ಲ ಗಾಳಿಯದ್ದು. ಮಳೆಗಾಲದಲ್ಲಿ ಅಳಿವೆ ದಾಟುವಂತಿಲ್ಲ, ಬಂದರು ಮುಚ್ಚುತ್ತದೆ. ಮಳೆ ನಿಂತು ಕೊಯ್ಲಾಗಿ, ಒಕ್ಕಿ, ಕುಟ್ಟಿ, ಅಕ್ಕಿ ಹೊಳೆಯ ದಂಡೆಗೆ ಬರುವ ಹೊತ್ತಿಗೆ ಸರಿಯಾಗಿ ಈಶಾನ್ಯದ ಗಾಳಿ ಬೀಸತೊಡಗುತ್ತದೆ. ಆ ಗಾಳಿ ಹಿಡಿದರೆ ಹಾಯಿಹಡಗು ಅರಬ್ಬಿ ಸಮುದ್ರ ದಾಟಿ ಇಲ್ಲಿಗೆ ಮುಟ್ಟುತ್ತದೆ. “ಹಾಂಗಾರೆ ಕಾರ್ತಿ ಬೆಳಿ ಅಕ್ಕಿ ಈ ತಿಂಗ್ಳಲ್ಲೇ ಇಲ್ಲಿಗ್ ಬತ್ತಿತ್ತಾ?” ಎಂದು ಅಪ್ಪಯ್ಯ ಬೆರಳು ಮಡಚಿ ಎಣಿಸಿದರು. ಹೌದು, ಇದೇ ತಿಂಗಳು, ಇದೇ ಗಾಳಿ.

ಎರಡೂ ದಡಗಳನ್ನು ಕಂಡು ಬರೆದಿಟ್ಟ ಒಬ್ಬ ಯಾತ್ರಿಕನಿದ್ದಾನೆ, ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ಇಳಿದು, ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನನ್ನು ಕಂಡ. ಬಸ್ರೂರು, ಮಂಗಳೂರು ನೋಡಿದ. 1625ರ ಆರಂಭದಲ್ಲಿ ಊರಿಗೆ ಮರಳುವಾಗ ಇದೇ ಮಸ್ಕತ್ತಿಗೆ ಬಂದ. ನಾವು ಆಗ ತೇಲುತ್ತಿದ್ದ ನೀರಿನಲ್ಲೇ ಅವನ ಹಡಗೂ ನಿಂತಿರಬೇಕು.

ಇನ್ನು ಕೋಟೆ ಬಿದ್ದ ಕಥೆ. ಗೈಡ್ ಯುದ್ಧ ಹೇಳಿದ. ಒಮಾನಿನ ಇತಿಹಾಸಕಾರ ಇಬ್ನ್ ರುಝೈಕ್ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ ಚರಿತ್ರೆಯಲ್ಲಿ ಇನ್ನೊಂದು ಕಥೆಯಿದೆ. ಅದರಲ್ಲಿ ಪೋರ್ಚುಗೀಸ್ ದಳಪತಿ ನರೋತ್ತಮನೆಂಬ ಹಿಂದೂ ವರ್ತಕನ ಮಗಳನ್ನು ಬಲವಂತದಿಂದ ಮದುವೆಯಾಗಲು ಹೊರಡುತ್ತಾನೆ. ನರೋತ್ತಮ ಒಪ್ಪಿದಂತೆ ನಟಿಸಿ, ಕೋಟೆಯ ದವಸ ಹಳತಾಗಿದೆ, ಹೊಸತು ತುಂಬಿಸೋಣ. ನೀರಿನ ತೊಟ್ಟಿ ತೊಳೆಸೋಣ. ಮದ್ದು ತಂಪು ಹಿಡಿದಿದೆ, ಕುಟ್ಟಿಸೋಣ ಎನ್ನುತ್ತಾನೆ. ಎಲ್ಲ ಹೊರಗೆ ಹೋದ ಮೇಲೆ ಇಮಾಮನಿಗೆ ಸುದ್ದಿ ಕಳಿಸುತ್ತಾನೆ. ನಿಜವೆಷ್ಟು, ಕಟ್ಟಿದ್ದೆಷ್ಟು ಎಂಬುದು ಬೇರೆ ಮಾತು. ಫಿರಂಗಿಗೆ ಜಗ್ಗದ ಕೋಟೆ ಉಗ್ರಾಣದ ಲೆಕ್ಕ ಬಲ್ಲವನಿಗೆ ಜಗ್ಗಿತು ಎಂದು ಇಲ್ಲಿನವರು ನಂಬಿ ಬರೆದಿಟ್ಟರಲ್ಲ, ನನಗೆ ಅದು ಸಾಕು. ಸ್ಟಾಕ್ ತಪಾಸಣೆಯಿಂದ ಬಿದ್ದ ಕೋಟೆ ಎಂದು ನಾನು ಆಫೀಸಿನಲ್ಲಿ ಹುಡುಗರಿಗೆ ಹೇಳುವುದುಂಟು.

ಮಸ್ಕತ್ ಬಿದ್ದದ್ದು 1650ರಲ್ಲಿ. 1652ರಿಂದ 1654ರ ಒಳಗೆ ನಮ್ಮ ದಡದಲ್ಲಿ ಕೆಳದಿಯ ಶಿವಪ್ಪ ನಾಯಕ ಬಸ್ರೂರು, ಮಂಗಳೂರು, ಹೊನ್ನಾವರದ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಅಕ್ಕಿ ಉಂಡ ಕೋಟೆ, ಅಕ್ಕಿ ಕಾದ ಕೋಟೆ, ಎರಡೂ ಐದು ವರ್ಷದೊಳಗೆ ಹೋದವು. ಆದರೆ ಲೆಕ್ಕ ಬರೆಯುವವನು ಒಂದೇ ಬದಿ ಬರೆಯಬಾರದು. 1695ರಲ್ಲಿ ಅರಬರ ಹಡಗುಗಳು ಬಂದು ಮಂಗಳೂರಿಗೆ ಬೆಂಕಿಯಿಟ್ಟವು. ತಮ್ಮ ವ್ಯಾಪಾರಕ್ಕೆ ಪೋರ್ಚುಗೀಸರು ಹಾಕಿದ ಕಟ್ಟುಪಾಡಿನ ಸೇಡಂತೆ. ಸೇಡು ಯಾರ ಮೇಲೋ, ಸುಟ್ಟದ್ದು ನಮ್ಮ ಊರು.

ಆಮೇಲೂ ದಾರಿ ಮುಚ್ಚಲಿಲ್ಲ. ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ಸರ್ಕಾರಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ, ಅದಕ್ಕೊಬ್ಬ ದರೋಗ. 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟ ಅವನ ರಾಯಭಾರಿಗಳು ಮಸ್ಕತ್ ಮೂಲಕವೇ ಇಸ್ತಾಂಬುಲಿಗೆ ಹೋದದ್ದು. ದರೋಗನಿಗೆ ಅವನು ಬರೆದ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಅಚ್ಚುಹಾಕಿಸಿದ. ಅವುಗಳಲ್ಲಿ ಯುದ್ಧಕ್ಕಿಂತ ಹೆಚ್ಚು ಇರುವುದು ಗಂಧ, ಮೆಣಸು, ಏಲಕ್ಕಿ, ಅಕ್ಕಿ; ಜೊತೆಗೆ ರೇಷ್ಮೆಹುಳು ಕಳಿಸಿಕೊಡಿ ಎಂಬ ಬೇಡಿಕೆ.

ಇಷ್ಟು ಹೇಳುವಷ್ಟರಲ್ಲಿ ದೋಣಿ ಮತ್ರಾ ಕೊಲ್ಲಿಗೆ ತಿರುಗಿತ್ತು. ಬಂಡೆಯ ಮೇಲಿನ ಮತ್ರಾ ಕೋಟೆ, ಕಡಲಬದಿಯ ಬಿಳಿ ಮನೆಗಳ ಸಾಲು, ಹಿಂದೆ ಸೂಕ್. ಅಪ್ಪಯ್ಯ ಕಡಲಿನ ಕಡೆ ಮುಖಮಾಡಿ ಸೂರ್ಯ ಮುಳುಗುವುದನ್ನು ಕಾಯುತ್ತಿದ್ದರು. ಅವರ ಎಪ್ಪತ್ತಾರು ವರ್ಷದಲ್ಲಿ ಸೂರ್ಯ ಮುಳುಗಿದ್ದು ಕಡಲಿನಲ್ಲೇ. ನಾನು ಭುಜ ಹಿಡಿದು ತಿರುಗಿಸಿದೆ. ಇಲ್ಲಿ ಸೂರ್ಯ ಕಡಲಿಗೆ ಇಳಿಯುವುದಿಲ್ಲ. ಊರಿನ ಬೆನ್ನಿಗಿರುವ ಕಪ್ಪು ಗುಡ್ಡಗಳ ಹಿಂದೆ ಹೋಗುತ್ತಾನೆ. ಬೆಳಿಗ್ಗೆ ಹುಟ್ಟುವುದು ಕಡಲಿನಿಂದ, ನಮ್ಮೂರಿನ ದಿಕ್ಕಿನಿಂದ. ಅವರು ಏನೂ ಹೇಳಲಿಲ್ಲ. ದೀಪಗಳು ಹತ್ತುವ ತನಕ ಹಾಗೆಯೇ ನಿಂತಿದ್ದರು.

ಸಾಲಾಗಿ ಹತ್ತಿದ ಆ ದೀಪಗಳು ಹೊಸ ಕಾಲದವು. ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ 1970ರ ಜುಲೈ ತನಕ ರಾತ್ರಿ ಮಸ್ಕತ್ತಿನ ಕೋಟೆಬಾಗಿಲು ಮುಚ್ಚುತ್ತಿತ್ತು. ಆಮೇಲೆ ನಡೆಯುವವನು ಕೈಯಲ್ಲಿ ಲಾಟೀನು ಹಿಡಿಯಬೇಕಿತ್ತು. ಅದೇ ವರ್ಷದ ತನಕ ಇಲ್ಲಿ ಓಡುತ್ತಿದ್ದದ್ದು ರೂಪಾಯಿ. ಭಾರತದ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ 1959ರಲ್ಲಿ ಹೊರತಂದ ಗಲ್ಫ್ ರೂಪಾಯಿ. 1970ರಲ್ಲಿ ಒಂದು ರಿಯಾಲಿಗೆ 21 ರೂಪಾಯಿಯಂತೆ ಬದಲಾಯಿಸಿದರು. ರಿಯಾಲಿನ ಚಿಲ್ಲರೆಗೆ ಇಂದಿಗೂ ‘ಬೈಸಾ’ ಎನ್ನುತ್ತಾರೆ. ನಮ್ಮ ಪೈಸೆಯೇ ಅದು. ನಾವೂ ಸಾಲ ತೀರಿಸಿಲ್ಲ: ಜಮಾ, ಖರ್ಚು, ಬಾಕಿ, ಅಸಲು, ವಸೂಲಿ, ಹೀಗೆ ನಾನು ದಿನವೂ ಬಳಸುವ ಕನ್ನಡವೆಲ್ಲ ಮೂಲದಲ್ಲಿ ಅರಬ್ಬಿ, ಪಾರಸಿಯ ದಾರಿಯಾಗಿ ಬಂದದ್ದು. ನಾವು ‘ತಾರೀಖು’ ಎಂದರೆ ಇವತ್ತು ಎಷ್ಟು ಎಂದಷ್ಟೇ. ಅರಬ್ಬಿಯಲ್ಲಿ ಆ ಪದಕ್ಕೆ ಇತಿಹಾಸ ಎಂಬ ಅರ್ಥವೂ ಉಂಟು.

ಮರಳಿ ಬರುವಾಗ ಕತ್ತಲಲ್ಲಿ ಆ ಬಂಡೆಯ ಬರಹ ಕಾಣಲಿಲ್ಲ. ಯುದ್ಧನೌಕೆಗಳ ಹೆಸರಿಗೆ ಬಂಡೆ ಸಿಕ್ಕಿತು. ಅಕ್ಕಿ ತಂದ ಹಡಗಿನ ಹೆಸರು, ಅದನ್ನು ಬೆಳೆದವನ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಅವರ ಗುರುತು ಉಳಿದಿದ್ದರೆ ಕಪ್ಪದ ಪಟ್ಟಿಯಲ್ಲಿ, ಸುಂಕದ ಪುಸ್ತಕದಲ್ಲಿ, ಯಾರೋ ಗುಮಾಸ್ತ ಬರೆದ ಸಾಲಿನಲ್ಲಿ ಉಳಿದಿದೆ. ಅವನು ಬರೆಯದೆ ಬಿಟ್ಟದ್ದು ಹೋದ ಹಾಗೆಯೇ.

ಮರುದಿನ ಬೆಳಿಗ್ಗೆ ಗಂಜಿ ಉಣ್ಣುತ್ತ ಅಪ್ಪಯ್ಯ ಕಡತ ತೆಗೆದರು. ನನ್ನ ಲೆಕ್ಕದ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟು, “ಇದ್ರಗೆ ಹುಲ್ಲ್ ಎಲ್ಲಿತ್ತ್?” ಎಂದರು.

ನೋಡಿದೆ. ಉಳುಮೆ ಇತ್ತು, ಗೊಬ್ಬರ ಇತ್ತು, ಕೊಯ್ಲಿನ ಯಂತ್ರದ ಬಾಡಿಗೆ ಇತ್ತು, ಭತ್ತದ ಕ್ರಯ ಇತ್ತು. ದನಕ್ಕೆ ವರ್ಷವಿಡೀ ಹಾಕುವ ಒಣಹುಲ್ಲು ಇರಲಿಲ್ಲ. ಮಾರದೆ ಮನೆಯಲ್ಲೇ ಉಣ್ಣುವ ಅಕ್ಕಿಯೂ ಇರಲಿಲ್ಲ. ಅಂಥ ತಪ್ಪನ್ನು ಬೇರೆಯವರ ಲೆಕ್ಕದಲ್ಲಿ ಕಂಡಿದ್ದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಎರಡನ್ನೂ ಸೇರಿಸಿ ಮತ್ತೆ ಕೂಡಿಸಿದೆ. ನಷ್ಟ ಕಡಿಮೆಯಾಯಿತು, ಹೋಗಲಿಲ್ಲ. ಹಾಗೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅಡ್ಡಿಲ್ಲೆ. ಈ ಮಳ್ಗಾಲ ಒಂದ್ ಬೆಳಿ ತೆಗ್ದ್ ಕಾಂಬ” ಎಂದು ಹಾಳೆಯನ್ನು ಮಡಚಿ ಮತ್ತೆ ಕಡತದೊಳಗಿಟ್ಟರು. ಗಂಜಿಗೆ ಇನ್ನೊಂದು ಸೌಟು ಹಾಕಿಸಿಕೊಂಡರು.

ಜುಲೈಯಲ್ಲಿ ನೆಟ್ಟಿಯಾದ ಗದ್ದೆಯ ಫೋಟೋ ಬಂತು. ಪಕ್ಕದ ಮನೆಯ ಹುಡುಗರನ್ನು ಸೇರಿಸಿ ಮಾಡಿಸಿದ್ದರಂತೆ. ಬೆಳೆ ಏನಾಗುತ್ತದೋ, ಮುಂದಿನ ವರ್ಷ ಕೊಳ್ಳುವವರು ಮತ್ತೆ ಬಂದರೆ ಏನು ಹೇಳುತ್ತೇವೋ ತಿಳಿಯದು. ನನ್ನ ಲೆಕ್ಕದಲ್ಲಿ ಮಾತ್ರ ಹುಲ್ಲಿಗೆ ಒಂದು ಸಾಲು ಸೇರಿದೆ.