ಅಪ್ಪನ ಮೂಲೆಮಟ್ಟ

ಹಬ್ಬ ಬಂತೆಂದರೆ ಗೋಡೆಯ ಮೇಲಿನ ದೇವರ ಪಟಗಳನ್ನೂ ಹಿರಿಯರ ಭಾವಚಿತ್ರಗಳನ್ನೂ ಇಳಿಸಿ ಒರೆಸುವವರು ನಾವು ಹೆಂಗಸರೇ. ಆಗ ಚೌಕಟ್ಟಿನ ಮೂಲೆಯನ್ನು ಎಂದಾದರೂ ಗಮನಿಸಿದ್ದೀರಾ? ಎರಡು ಪಟ್ಟಿಗಳು ಓರೆಯಾಗಿ ಕತ್ತರಿಸಿಕೊಂಡು ಒಂದಕ್ಕೊಂದು ಮುಖ ಕೊಟ್ಟು ಕೂತಿರುತ್ತವೆ. ಇಂಗ್ಲಿಷಿನಿಂದ ಬಂದ ಮೈಟರ್ ಎನ್ನುವ ಹೆಸರು ಈ ಕೂಡಿಕೆಗೆ ಇದೆ. ಒಳ್ಳೆಯ ಕೆಲಸವಾದರೆ ಅಲ್ಲಿ ಕೂದಲೆಳೆಯಷ್ಟು ಗೆರೆ ಮಾತ್ರ ಕಾಣುತ್ತದೆ. ಕೆಟ್ಟ ಕೆಲಸವಾದರೆ ಒರೆಸುವ ಬಟ್ಟೆಯ ದಾರ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ನನ್ನ ಅಪ್ಪ ಬಡಗಿ. ಈ ಮಾತನ್ನು ಇಷ್ಟು ಸರಾಗವಾಗಿ ಬರೆಯಲು ನನಗೆ ಬಹಳ ವರ್ಷ ಬೇಕಾಯಿತು. ಹೈಸ್ಕೂಲು ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂದಿದ್ದ ಕಡೆ ನಾನು 'ವ್ಯಾಪಾರ' ಎಂದು ಬರೆದಿದ್ದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅದರ ಕೆಳಗೇ ಹೆಬ್ಬೆಟ್ಟು ಒತ್ತಿದರು.

1983ರಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ಊರಿನ ಒಂದು ಹಳೆಯ ಮನೆಯಲ್ಲಿ ದೇವರ ಗೂಡಿಗೆ ಸಾಗುವಾನಿಯ ಚೌಕಟ್ಟು ಕೂರಿಸುವ ಕೆಲಸ ಅಪ್ಪನಿಗೆ ಸಿಕ್ಕಿತ್ತು. ರಜೆಯಾದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಕೈಯಲ್ಲಿ ಹೊಸ ಕಂಪಾಸು ಪೆಟ್ಟಿಗೆ. "ಮೂಲೆ ತೊಂಬತ್ತು ಡಿಗ್ರಿ, ಅದರರ್ಧ ನಲವತ್ತೈದು. ನಾನೇ ಗುರುತು ಹಾಕಿಕೊಡ್ತೀನಿ" ಎಂದೆ. ಮಗಳ ವಿದ್ಯೆ ನೋಡುವ ಆಸೆಯೋ ಏನೋ, ಅಪ್ಪ ಬೇಡವೆನ್ನಲಿಲ್ಲ. ಕೋನಮಾಪಕ ಇಟ್ಟು ಗೆರೆ ಎಳೆದೆ. ಅವರು ಗರಗಸ ಹಾಕಿದರು. ಪಟ್ಟಿಗಳನ್ನು ಗೂಡಿಗೆ ಒತ್ತಿ ಹಿಡಿದಾಗ ಮೂಲೆಯ ಒಳಬದಿಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಂದು. ಮರ ಮನೆಯವರು ಲೆಕ್ಕ ಹಾಕಿ ಕೊಟ್ಟದ್ದು. ಹಾಳಾದ ಪಟ್ಟಿಗಳ ಬೆಲೆಯನ್ನು ಅಪ್ಪ ಕೂಲಿಯಲ್ಲಿ ಮುರಿಸಿಕೊಂಡರು. ನನ್ನನ್ನು ಬೈಯಲಿಲ್ಲ. "ಗೋಡೆ ಕಟ್ಟಿದೋನು ನಿನ್ನ ಪುಸ್ತಕ ಓದಿಲ್ಲ ಪುಟ್ಟಿ. ಮೂಲೆ ಎಷ್ಟೈತೋ ಅದರಲ್ಲಿ ಅರ್ಧ ತಗೋಬೇಕು" ಎಂದರು, ಅಷ್ಟೆ.

ಆ ಗೋಡೆಯ ಮೂಲೆ ತೊಂಬತ್ತಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಿತ್ತು. ಅಪ್ಪ ಏನು ಮಾಡಿದರೆಂದರೆ, ಒಂದೇ ಅಗಲದ ಎರಡು ಪಟ್ಟಿಗಳನ್ನು ಗೂಡಿನ ಎರಡು ಅಂಚುಗಳ ಗುಂಟ ಇಟ್ಟು, ಮೂಲೆಯಲ್ಲಿ ಒಂದರ ಮೇಲೊಂದು ಹಾಯುವಂತೆ ಹಿಡಿದರು. ಪಟ್ಟಿಗಳ ಒಳ ಅಂಚುಗಳು ಸಂಧಿಸಿದ ಕಡೆ ಒಂದು ಚುಕ್ಕೆ, ಹೊರ ಅಂಚುಗಳು ಸಂಧಿಸಿದ ಕಡೆ ಇನ್ನೊಂದು ಚುಕ್ಕೆ. ಎರಡನ್ನೂ ಸೇರಿಸಿ ಗೆರೆ. ಡಿಗ್ರಿಯ ಮಾತೇ ಇಲ್ಲ. ಒಂದೇ ಅಗಲದ ಪಟ್ಟಿಗಳು ಹಾದಾಗ ನಡುವೆ ನಾಲ್ಕೂ ಬದಿ ಸಮನಾದ ವಜ್ರಾಕೃತಿ ಉಂಟಾಗುತ್ತದೆ. ಅದರ ಕರ್ಣ ಮೂಲೆಯನ್ನು ಸರಿಯಾಗಿ ಅರ್ಧ ಮಾಡುತ್ತದೆ. ಮೂಲೆ ಎಂಬತ್ತೆಂಟಿರಲಿ, ತೊಂಬತ್ತೆರಡಿರಲಿ, ಗೆರೆ ತಪ್ಪುವುದಿಲ್ಲ.

ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನದ ಶಿಕ್ಷಕಿಯಾದೆ. ಇತಿಹಾಸ ಪಾಠಕ್ಕೆಂದು ಓದುತ್ತಾ ಹೋದ ಹಾಗೆ ಅಪ್ಪನ ಆ ಗೆರೆ ನನಗೆ ಎಲ್ಲೆಲ್ಲೋ ಎದುರಾಗತೊಡಗಿತು. ಈಜಿಪ್ಟಿನ ದೇರ್ ಎಲ್ ಮದೀನಾದಲ್ಲಿ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಗೋರಿ 1886ರಲ್ಲಿ ಸಿಕ್ಕಿತು. ಸುಮಾರು 3,200 ವರ್ಷ ಹಿಂದಿನದು. ಅವನ ಜೊತೆ ಹೂತಿಟ್ಟ ವಸ್ತುಗಳಲ್ಲಿ ಮರದ ಮೂಲೆಮಟ್ಟವೂ ಇತ್ತು, ತೂಗುಗುಂಡು ಕಟ್ಟಿದ ಮಟ್ಟದ ಹಲಗೆಯೂ ಇತ್ತು. ಪರಲೋಕಕ್ಕೂ ಮೂಲೆಮಟ್ಟ ಒಯ್ದವನು! ನಾನು ಅರ್ಜಿಯಲ್ಲಿ ಮುಚ್ಚಿಟ್ಟ ಉದ್ಯೋಗವನ್ನು ಅವನ ಮನೆಯವರು ಅವನ ಪಕ್ಕದಲ್ಲೇ ಇಟ್ಟು ಕಳಿಸಿದ್ದರು.

ನಮ್ಮ ದೇಶದಲ್ಲಿ ಯಜ್ಞವೇದಿಕೆ ಕಟ್ಟುವವರು ಹಗ್ಗ ಹಿಡಿದು ಅಳೆಯುತ್ತಿದ್ದರು. ಆ ನಿಯಮಗಳ ಗ್ರಂಥಗಳೇ ಶುಲ್ಬಸೂತ್ರಗಳು. ಶುಲ್ಬ ಎಂದರೆ ಹಗ್ಗ. ಅವುಗಳಲ್ಲಿ ಹಳೆಯದಾದ ಬೌಧಾಯನನ ಸೂತ್ರದಲ್ಲಿ ಚೌಕದ ಕರ್ಣದ ಮೇಲೆ ಕಟ್ಟಿದ ಚೌಕ ಮೊದಲಿನದರ ಎರಡರಷ್ಟಾಗುತ್ತದೆಂಬ ಮಾತಿದೆ. 3 ಮತ್ತು 4, 5 ಮತ್ತು 12 ಇಂಥ ಬದಿಗಳ ಜೋಡಿಗಳೂ ಇವೆ. ಹದ್ದಿನ ಆಕಾರದ ವೇದಿಕೆಗೆ ಐದು ವರಸೆ, ವರಸೆಗೆ ಇನ್ನೂರು ಇಟ್ಟಿಗೆ. ರೆಕ್ಕೆಯ ಓರೆ ಅಂಚಿಗೆ ಹೊಂದಲೆಂದು ಚೌಕದ ಇಟ್ಟಿಗೆಯನ್ನು ಕರ್ಣದ ಗುಂಟ ಅರ್ಧ ಮಾಡಿದ ಇಟ್ಟಿಗೆಗಳೂ ಇದ್ದವು. ನಮ್ಮ ಪಟದ ಚೌಕಟ್ಟಿನ ಓರೆ ಎಂದರೆ ಅದೇ ಕರ್ಣವಲ್ಲವೆ? 1975ರಲ್ಲಿ ಕೇರಳದ ಪಾಂಜಾಳಿನಲ್ಲಿ ಇಂಥ ಹದ್ದಿನ ವೇದಿಕೆಯನ್ನು ಮತ್ತೆ ಕಟ್ಟಿ ಯಾಗ ನಡೆಸಿದರು.

ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ತನ್ನ ಮೊದಲನೆಯ ಪುಸ್ತಕದ ಒಂಬತ್ತನೆಯ ಪ್ರಮೇಯದಲ್ಲಿ ಯಾವುದೇ ಕೋನವನ್ನು ಎರಡು ಸಮಭಾಗ ಮಾಡುವ ಕ್ರಮ ಹೇಳಿದ. ಅರ್ಧ ಮಾಡುವುದು ಇಷ್ಟು ಸುಲಭ. ಆದರೆ ಅಳತೆಯ ಗುರುತಿಲ್ಲದ ಪಟ್ಟಿ, ಕೈವಾರ ಎರಡರಿಂದಲೇ ಎಲ್ಲ ಕೋನಗಳನ್ನೂ ಮೂರು ಸಮಭಾಗ ಮಾಡಲಾಗದೆಂದು 1837ರಲ್ಲಿ ಫ್ರಾನ್ಸಿನ ವಾಂಟ್ಸೆಲ್ ಸಾಧಿಸಿ ತೋರಿಸಿದ. ಬಡಗಿಗಳ ಪುಣ್ಯ, ಅವರಿಗೆ ಬೇಕಾದದ್ದು ಅರ್ಧ!

ಕನ್ನಡ ನಾಡಿಗೂ ಇದರಲ್ಲಿ ಪಾಲಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಕ್ಷೇತ್ರಗಳನ್ನು ಅಳೆಯಲು ಅವನು ಎರಡು ಬಗೆ ಹೇಳುತ್ತಾನೆ. ದಿನನಿತ್ಯಕ್ಕೆ ಸಾಕಾಗುವ ವ್ಯಾವಹಾರಿಕ, ತಪ್ಪಿಲ್ಲದ ಸೂಕ್ಷ್ಮ. ಅಪ್ಪನ ಕೆಲಸದಲ್ಲಿ ಮಾತ್ರ ಈ ಎರಡೂ ಒಂದೇ ಆಗಬೇಕಿತ್ತು. ಏಕೆಂದರೆ ನಾಲ್ಕು ಮೂಲೆಯ ಚೌಕಟ್ಟಿಗೆ ಎಂಟು ಓರೆ ಕೊಯ್ತ. ಒಂದೊಂದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಮೂರು ಮೂಲೆ ಒತ್ತಿ ಸೇರಿಸಿದ ಮೇಲೆ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಾಯಿ ಬಿಡುತ್ತದೆ. ಜೋಡಿಸಿದ ಮೇಲೆ ಅಪ್ಪ ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಹಿಡಿದು ನೋಡುತ್ತಿದ್ದರು. ಎದುರುಬದುರಿನ ಪಟ್ಟಿಗಳು ಸಮನಾಗಿದ್ದು, ಎರಡು ದಾರಗಳೂ ಸಮನಾದರೆ ಚೌಕಟ್ಟು ನೆಟ್ಟಗಿದೆ ಎಂದರ್ಥ. ಶುಲ್ಬದ ಹೆಸರು ಕೇಳದವರ ಕೈಯಲ್ಲೂ ಹಗ್ಗವೇ ಇತ್ತು.

ನಮಗೆ ಇನ್ನೂ ಸುಲಭದ ದಾರಿಯೊಂದಿದೆ. 1893ರಲ್ಲಿ ಮದರಾಸಿನಲ್ಲಿ ಟಿ. ಸುಂದರರಾವ್ ಎಂಬವರು ಕಾಗದ ಮಡಿಸಿ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಶಿಶುವಿಹಾರದ ಬಣ್ಣದ ಕಾಗದಗಳೇ ಅದಕ್ಕೆ ಪ್ರೇರಣೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಪ್ರಸ್ತಾಪಿಸಿದ. 1901ರಲ್ಲಿ ಅಮೆರಿಕದಲ್ಲೂ ಅಚ್ಚಾಯಿತು. ಮೂಲೆಗೆ ಸರಿಯಾಗಿ ಕಾಗದ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದರೆ ಮಡಿಕೆಯ ಗೆರೆಯೇ ಅರ್ಧ. ಸೀರೆ ಮಡಿಸುವ ಕೈಗೆ ಇದನ್ನು ಯಾರು ಕಲಿಸಬೇಕು? ಮರುವರ್ಷವೇ, 1894ರಲ್ಲಿ, ರಾಜಾ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ. ಅಲ್ಲಿ ಅಚ್ಚಾದ ಲಕ್ಷ್ಮಿ ಸರಸ್ವತಿಯರ ಪಟಗಳು ಮನೆಮನೆಗೂ ಬಂದವು. ಪಟ ಬಂದ ಮೇಲೆ ಚೌಕಟ್ಟೂ ಬೇಕಲ್ಲವೆ?

ಕಳೆದ ವರ್ಷ ಗಣಿತದ ಮೇಷ್ಟ್ರು ರಜೆಯಲ್ಲಿದ್ದಾಗ ಅವರ ತರಗತಿ ನನ್ನ ಪಾಲಿಗೆ ಬಂತು. ರಟ್ಟಿನ ಎರಡು ಪಟ್ಟಿ ಹಿಡಿದು ಅಪ್ಪನ ಉಪಾಯ ತೋರಿಸಿದೆ. "ಇದನ್ನು ನನಗೆ ಕಲಿಸಿದವರು ನಮ್ಮಪ್ಪ. ಅವರು ಬಡಗಿ" ಎಂದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ನಮ್ಮಪ್ಪ ಟೈಲ್ಸ್ ಕೆಲಸ ಮಾಡೋವಾಗಲೂ ಹೀಗೇ ಇಡ್ತಾರೆ" ಎಂದಳು. ವರ್ಷವಿಡೀ ಬಾಯಿ ಬಿಡದ ಹುಡುಗಿ. ಅವಳನ್ನು ಮುಂದೆ ಕರೆದು ಸೀಮೆಸುಣ್ಣ ಕೊಟ್ಟು, ಉಳಿದ ಪಾಠ ಅವಳಿಂದಲೇ ಮಾಡಿಸಿದೆ.

ಅಪ್ಪ ಈಗಿಲ್ಲ. ಅವರ ಫೋಟೊದ ಚೌಕಟ್ಟು ಅಂಗಡಿಯಲ್ಲಿ ಯಂತ್ರದಿಂದ ಕತ್ತರಿಸಿದ್ದು. ಮೂಲೆಗಳು ಚೆನ್ನಾಗಿಯೇ ಕೂಡಿವೆ. ಆದರೂ ಹಬ್ಬಕ್ಕೆ ಒರೆಸುವಾಗ ಒಮ್ಮೆ ದಾರ ಹಿಡಿದು ನೋಡುತ್ತೇನೆ.