ಅತ್ತಿಮಬ್ಬೆಯ ವಂಶವೂ ಮುದುವೊಳಲಿನ ಕವಿಯೂ

ಸಾವಿರ ವರ್ಷಗಳ ಹಿಂದಿನ ಒಬ್ಬ ಸ್ತ್ರೀಯ ತವರುಮನೆ, ಗಂಡನ ಮನೆ, ಒಡಹುಟ್ಟು, ಸಂತಾನ ಇವೆಲ್ಲವನ್ನೂ ಹೆಸರು ಹಿಡಿದು ಹೇಳಬಲ್ಲ ಸಂದರ್ಭಗಳು ನಮ್ಮ ಇತಿಹಾಸದಲ್ಲಿ ವಿರಳ. ದಾನಚಿಂತಾಮಣಿ ಅತ್ತಿಮಬ್ಬೆಯ ವಿಷಯದಲ್ಲಿ ಅದು ಸಾಧ್ಯವಾಗಿದೆ. ಇದಕ್ಕೆ ಮುಖ್ಯ ಆಕರ ಕ್ರಿ.ಶ. 993ರಲ್ಲಿ ರಚಿತವಾದ ‘ಅಜಿತಪುರಾಣ’. ಅದನ್ನು ಬರೆದ ರನ್ನ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದವನು. ಕಾವ್ಯದ ನಾಯಕ ಎರಡನೆಯ ತೀರ್ಥಂಕರ ಅಜಿತನಾಥ. ಆದರೆ ಅದನ್ನು ಬರೆಯಿಸಿದವಳ ಮನೆತನದ ಚರಿತ್ರೆಗೂ ಕವಿ ಅದರಲ್ಲಿ ಎಡೆ ಮಾಡಿಕೊಟ್ಟಿದ್ದಾನೆ.

ಆ ಮನೆತನದ ಮೂಲ ಕನ್ನಡ ನಾಡಿನ ಅಂಚಿನಾಚೆಗಿದೆ. ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರಿನಲ್ಲಿ ಕೌಂಡಿನ್ಯಗೋತ್ರದ ನಾಗಮಯ್ಯನೆಂಬ ಜೈನ ಬ್ರಾಹ್ಮಣನಿದ್ದ. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪೊನ್ನಮಯ್ಯ. ಇಬ್ಬರೂ ಶೂರರು, ಜಿನಭಕ್ತರು. ಪೊನ್ನಮಯ್ಯ ಕಾವೇರಿಯ ತೀರದ ಕಾಳಗದಲ್ಲಿ ಮಡಿದನು. ತಮ್ಮ ಗುರು ಜಿನಚಂದ್ರದೇವರ ಗೌರವಾರ್ಥ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದವರು ಈ ಸಹೋದರರೇ. ಮಲ್ಲಪಯ್ಯ ಮತ್ತು ಅಪ್ಪಕಬ್ಬೆಯರ ಮಗಳು ಅತ್ತಿಮಬ್ಬೆ.

ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಲಾಯಿತು. ದಂಡನಾಯಕನಾದ ನಾಗದೇವ ಅಕಾಲದಲ್ಲಿ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು. ಮಗನನ್ನು ಬೆಳೆಸುವ ಹೊಣೆ ಹೊತ್ತು, ವ್ರತನಿಯಮಗಳಿಂದ ದೇಹವನ್ನು ದಂಡಿಸಿ, ದಾನದಲ್ಲಿ ಬಾಳನ್ನು ಸವೆಸಿದಳು. ಒಂದೇ ಮನೆಯ, ಒಂದೇ ಶೋಕದ ಇಬ್ಬರು ಸೋದರಿಯರು ಹಿಡಿದ ಎರಡು ದಾರಿಗಳಿವು. ಗುಂಡಮಬ್ಬೆಯ ಹೆಸರು ನಮಗೆ ಉಳಿದಿರುವುದೂ ಅಕ್ಕನ ವಂಶಕಥನದಿಂದಲೇ.

ತವರಿನ ಸಾಹಿತ್ಯಪ್ರೀತಿಯನ್ನು ಮುಂದುವರಿಸಿದವಳು ಈ ಮಗಳು. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಆಕೆಯ ಪ್ರಸಿದ್ಧಿ. ತಾಳೆಗರಿಯ ಮೇಲೆ ಲಿಪಿಕಾರರು ಒಂದೊಂದಾಗಿ ಬರೆಯಬೇಕಾಗಿದ್ದ ಕಾಲದಲ್ಲಿ ಇದು ದೊಡ್ಡ ಸಾಹಸ. ಅನಂತರ ಆಕೆ ರನ್ನನಿಂದ ಹೊಸ ಪುರಾಣವನ್ನೇ ಬರೆಯಿಸಿದಳು. 1007ರ ಲಕ್ಕುಂಡಿ ಶಾಸನ ಆಕೆ ಕಟ್ಟಿಸಿದ ಬಸದಿಗೆ ಸಾಕ್ಷಿಯಾಗಿದೆ. ಮಗ ಪಡೆವಳ ತೈಲನ ಹೆಸರೂ ಅದರಲ್ಲಿದೆ. ವಂಶವೆಂದರೆ ಗಂಡುಮಕ್ಕಳ ಸಾಲು ಎಂಬ ರೂಢಿಯ ಎಣಿಕೆ ಇಲ್ಲಿ ಸಾಲದು.

ಇಷ್ಟನ್ನು ಬರೆದಿಟ್ಟ ಕವಿ ದೊಡ್ಡ ಮನೆತನದವನಲ್ಲ. ಬೆಳುಗಲಿ ಐನೂರಕ್ಕೆ ಸೇರಿದ ಜಂಬುಖಂಡಿ ಎಪ್ಪತ್ತರ ಮುದುವೊಳಲಿನಲ್ಲಿ, ಬಳೆಗಾರರ ಕುಲದಲ್ಲಿ, ಜಿನವಲ್ಲಭೇಂದ್ರ ಮತ್ತು ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದವನು. ಆ ಜಂಬುಖಂಡಿಯೇ ಇಂದಿನ ಜಮಖಂಡಿ, ಮುದುವೊಳಲೇ ಮುಧೋಳ. ವಿದ್ಯೆಯನ್ನರಸಿ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. ಚಾವುಂಡರಾಯನ ಆಶ್ರಯ ಪಡೆದ. ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಅಷ್ಟು ಎತ್ತರಕ್ಕೇರಿದವನು ತನ್ನ ಕುಲವೃತ್ತಿಯನ್ನು ಮರೆಮಾಚಲಿಲ್ಲ. ತಾಯಿಯ ಹೆಸರನ್ನೂ, ಜಕ್ಕಿ ಮತ್ತು ಶಾಂತಿ ಎಂಬ ಮಡದಿಯರ ಹೆಸರುಗಳನ್ನೂ ದಾಖಲಿಸಿದ.

ರನ್ನನ ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ. ಮೊದಲನೆಯದು ಚಾವುಂಡರಾಯನ ನೆನಪು, ಎರಡನೆಯದು ದಾನಚಿಂತಾಮಣಿಯ ನೆನಪು. ಆಶ್ರಯದಾತರನ್ನು ಹೊಗಳಿದ ಕವಿಗಳು ಅನೇಕರು. ಅವರ ಹೆಸರನ್ನು ದಿನವೂ ಮನೆಯಲ್ಲಿ ಕೂಗಿ ಕರೆಯುವಂತೆ ಮಾಡಿಕೊಂಡವನು ರನ್ನ. ವೆಂಗಿಯ ಸೇನಾನಿಗಳ ಮನೆಯ ಹೆಸರೊಂದು ಹೀಗೆ ಘಟಪ್ರಭೆಯ ದಡದ ಬಳೆಗಾರರ ಮನೆಗೆ ಬಂದಿತು. ಅದು ರಕ್ತಸಂಬಂಧವಲ್ಲ, ಕೃತಜ್ಞತೆಯ ಸಂಬಂಧ. ಅತ್ತಿಮಬ್ಬೆಯ ವಂಶಾವಳಿಯನ್ನು ಬರೆಯುವವರು ಈ ಮಗುವಿನ ಹೆಸರನ್ನೂ ಅದರ ಕೊನೆಯಲ್ಲಿ ಸೇರಿಸುವುದು ಉಚಿತ.