ಚಳ್ಳಕೆರೆ ಸೀಮೆಯ ತೋಟಗಾರಿಕೆಯ ಪೂರ್ವೋತ್ತರ

ತೋಟವೆಂದ ಕೂಡಲೆ ಮಲೆನಾಡಿನ ಅಡಕೆಯ ಸಾಲುಗಳೂ ಕಾವೇರಿಯ ಕಾಲುವೆಗಳ ಬದಿಯ ಬಾಳೆಯ ಬನಗಳೂ ನೆನಪಿಗೆ ಬರುವುದು ಸಹಜವು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹೆಸರನ್ನು ಈ ಪ್ರಸಂಗದಲ್ಲಿ ಎತ್ತುವವರು ವಿರಳ. ವರ್ಷಕ್ಕೆ 18ರಿಂದ 20 ಅಂಗುಲ ಮಳೆಯಾದರೆ ಸುಭಿಕ್ಷವೆಂದು ತಿಳಿಯುವ ಸೀಮೆಯಿದು. ಆ ಮಳೆಯೂ ಕಾಲಕ್ಕೆ ಸರಿಯಾಗಿ ಬರುವುದೆಂಬ ನೆಚ್ಚಿಕೆಯಿಲ್ಲ. ಹೀಗಿದ್ದರೂ ಇಲ್ಲಿ ತೋಟಗಳು ಇಲ್ಲದಿರಲಿಲ್ಲ. ನೀರು ಸಮೃದ್ಧವಾಗಿರುವೆಡೆ ಗಿಡವನ್ನು ಬೆಳೆಸುವುದರಲ್ಲಿ ಪ್ರಕೃತಿಯ ಪಾಲೇ ಹೆಚ್ಚು. ನೀರಿಲ್ಲದೆಡೆ ಬೆಳೆಸುವುದು ಮನುಷ್ಯನ ವಿವೇಕಕ್ಕೆ ಸೇರಿದ ಕಾರ್ಯ. ಆದಕಾರಣ ದೊಡ್ಡಉಳ್ಳಾರ್ತಿಯಂತಹ ಊರುಗಳ ಒಣನೆಲದಲ್ಲಿ ಮರಗಿಡಗಳು ಹೇಗೆ ಬದುಕಿದುವು, ಯಾವುದರಿಂದ ಕೆಟ್ಟುವು ಎಂಬ ವಿಚಾರವು ಭಕ್ತಮಹಾಶಯರಿಗೆ ಉಪೇಕ್ಷಣೀಯವಾಗಲಾರದು.

ಈ ಸೀಮೆಯು ಪ್ರಾಚೀನವಾದುದೆಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳೇ ಸಾಕ್ಷಿ. ಅವುಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ದಾರಿಯ ಬದಿಯಲ್ಲಿ ಮರಗಳನ್ನು ನೆಡಿಸಿದುದು, ಬಾವಿಗಳನ್ನು ತೋಡಿಸಿದುದು, ಔಷಧಿಯ ಮೂಲಿಕೆಗಳನ್ನೂ ಫಲವೃಕ್ಷಗಳನ್ನೂ ಇಲ್ಲದೆಡೆಗೆ ತರಿಸಿ ಬೆಳೆಸಿದುದು, ಈ ಸಂಗತಿಗಳು ಬ್ರಹ್ಮಗಿರಿಯ ಬಂಡೆಯ ಮೇಲಿವೆಯೆಂದು ಕೆಲವರು ತಿಳಿದಿರುವುದುಂಟು. ಅದು ಸರಿಯಲ್ಲ. ಅವು ಇತರ ಪ್ರಾಂತ್ಯಗಳಲ್ಲಿ ದೊರೆತ ಆತನ ಎರಡನೆಯ ಮಹಾಶಿಲಾಶಾಸನಕ್ಕೆ ಸೇರಿದುವು. ಈ ಜಿಲ್ಲೆಯಲ್ಲಿ ನೀರಿನ ಕಾರ್ಯವನ್ನು ಸ್ಪಷ್ಟವಾಗಿ ಹೇಳುವ ಪ್ರಾಚೀನ ಬರಹವೆಂದರೆ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ. ಇದನ್ನು 1929ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಗುರುತಿಸಿದರು. ನಾಲ್ಕನೆಯ ಶತಮಾನದ ಆ ಅರಸನು ತಾನು ಗೆದ್ದ ರಾಜರ ಹೆಸರುಗಳನ್ನು ಬರೆಯಿಸಿದುದು ಒಂದು ಕೆರೆಯ ಕಾರ್ಯದ ನೆಪದಲ್ಲಿ. ಗೆದ್ದ ನಾಡುಗಳು ಕೈಬಿಟ್ಟುಹೋದುವು. ಉಳಿದುದು ಕೆರೆಯ ಮಾತು. ಚಳ್ಳಕೆರೆಯ ಹೆಸರಿನೊಳಗೂ ಕೆರೆಯೇ ಕುಳಿತಿರುವುದು. ದುರ್ಗದ ಪಾಳೆಯಗಾರರಲ್ಲಿ ಭರಮಣ್ಣನಾಯಕನ ಹೆಸರು ಇಂದಿಗೂ ಜನರ ನಾಲಗೆಯಲ್ಲಿರುವುದಕ್ಕೆ ಆತನ ಯುದ್ಧಗಳಿಗಿಂತ ಭರಮಸಾಗರದ ಕೆರೆಯೇ ಹೆಚ್ಚಿನ ಕಾರಣವೆಂದರೆ ತಪ್ಪಾಗದು.

ಅರಸರು ಕಟ್ಟಿಸಿದ ಕೆರೆಗಳ ಜೊತೆಗೆ ಶರಣರು ಕಟ್ಟಿಸಿದ ಕೆರೆಗಳನ್ನೂ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ನೆಲೆಸಿದ ಶ್ರೀ ತಿಪ್ಪೇರುದ್ರಸ್ವಾಮಿಗಳು ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಪೂಜಿತರು. ಅವರು ಊರ ಸುತ್ತ ಐದು ಕೆರೆಗಳನ್ನು ಕಟ್ಟಿಸಿದರೆಂಬ ಐತಿಹ್ಯವಿದೆ. ಕೆಲಸಕ್ಕೆ ಬಂದವರಿಗೆ ಅವರವರು ಮಾಡಿದಷ್ಟಕ್ಕೆ ತಕ್ಕ ಕೂಲಿಯೇ ದೊರೆಯುತ್ತಿತ್ತು, ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ ಎಂದು ಜನರು ಹೇಳುವರು. ಕೇಳುವವರು ಇದನ್ನು ಪವಾಡವೆಂದು ಕೈಮುಗಿದು ಸುಮ್ಮನಾಗುವುದುಂಟು. ಆದರೆ ಬರದ ನಾಡಿನಲ್ಲಿ ಕೈಗೆ ಕೆಲಸವನ್ನೂ ಊರಿಗೆ ನೀರನ್ನೂ ಒಂದೇ ಉಪಾಯದಿಂದ ಒದಗಿಸಿದ ಕಾಯಕದೃಷ್ಟಿಯು ಈ ಕಥೆಯಲ್ಲಿ ಅಡಗಿರುವುದನ್ನು ಗಮನಿಸಬೇಕು. ಫಾಲ್ಗುಣಮಾಸದ ಜಾತ್ರೆಯಲ್ಲಿ ಒಳಮಠ ಹೊರಮಠಗಳಿಗೆ ಬರುವ ಲಕ್ಷಾಂತರ ಭಕ್ತರಲ್ಲಿ ಕೆರೆಯ ಏರಿಯನ್ನೂ ಕಂಡು ಬರುವವರೆಷ್ಟು ಮಂದಿಯೋ ತಿಳಿಯದು.

ಲಿಂಗಪೂಜೆಗೆ ಪತ್ರಪುಷ್ಪಗಳು ಬೇಕು. ಹೂವಿನ ಕಾಯಕವನ್ನೇ ಕೈಕೊಂಡ ಹೂಗಾರ ಮಾದಯ್ಯನವರ ಹೆಸರು ಶರಣರ ಸಾಲಿನಲ್ಲಿರುವುದು. ಕುಣಿಗಲು ತಾಲ್ಲೂಕಿನ ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸಿಗೆ ಕುಳಿತುದರಿಂದಲೇ ಶ್ರೀ ಸಿದ್ಧಲಿಂಗ ಯತಿಗಳಿಗೆ ತೋಂಟದವರೆಂಬ ಬಿರುದು ಬಂದು, ಅದು ಗದುಗಿನ ಮಠದ ಹೆಸರಿನಲ್ಲಿಯೂ ನಿಂತಿತು. ವಿರಕ್ತಪರಂಪರೆಯ ಒಬ್ಬ ಮಹಾಗುರುವಿನ ಹೆಸರಿಗೆ ಸಿಂಹಾಸನವಲ್ಲ, ತೋಟವು ವಿಶೇಷಣವಾದುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಬಯಲುಸೀಮೆಯ ಹಳೆಯ ತೋಟದ ಪದ್ಧತಿಯನ್ನು ನೋಡೋಣ. ತೋಟವು ಕೆರೆಯ ಕೆಳಗೆ, ತೂಬಿನ ನೀರು ತಲಪುವೆಡೆಯಲ್ಲಿ, ಇಲ್ಲವೆ ಕೆರೆಯ ಜಲದಿಂದ ಒರತೆ ಏಳುವ ಬಾವಿಯ ಬಳಿಯಲ್ಲಿ ಇರುತ್ತಿತ್ತು. ನೀರನ್ನು ಹಂಚಲು ನೀರುಗಂಟಿಯಿದ್ದನು. ಕೆರೆಯ ಮಟ್ಟವನ್ನು ನೋಡಿ ಆ ವರ್ಷ ಎಷ್ಟು ನೆಲಕ್ಕೆ ನೀರು ಬಿಡಬಹುದೆಂಬುದನ್ನು ಊರವರು ನಿರ್ಣಯಿಸುವರು. ಬಾವಿಯಿಂದ ನೀರೆತ್ತಲು ಎತ್ತುಗಳನ್ನು ಕಟ್ಟಿದ ಕಪಿಲೆಯುಂಟು. ಜೋಡಿ ಎತ್ತು ದಿನವೆಲ್ಲ ಇಳಿಜಾರಿನಲ್ಲಿ ನಡೆದರೂ ಸ್ವಲ್ಪ ನೆಲ ಮಾತ್ರ ತೋಯುವುದು. ಎತ್ತು ದಣಿದೊಡನೆ ಬಾವಿಗೂ ವಿಶ್ರಾಂತಿ ದೊರೆತು ರಾತ್ರಿಯಲ್ಲಿ ಒರತೆ ಮತ್ತೆ ತುಂಬುವುದು. ಈಗಿನವರು ಅದನ್ನು ಹಿಂದುಳಿದ ಉಪಕರಣವೆಂದು ಎಣಿಸಬಹುದು. ಆದರೆ ನೆಲವು ಕೊಡುವುದಕ್ಕಿಂತ ಹೆಚ್ಚಾಗಿ ಎಳೆದುಕೊಳ್ಳಲು ಅದರಿಂದ ಸಾಧ್ಯವಿರಲಿಲ್ಲವೆಂಬುದೇ ಅದರ ಗುಣ. ನೆರೆಯ ಪಾವಗಡ, ಮಧುಗಿರಿಗಳ ಕಡೆ ತಲಪರಿಗೆಯೆಂಬ ಇನ್ನೊಂದು ವಿಧಾನವುಂಟು: ಮರಳುನೆಲದ ಒರತೆಯನ್ನು ಬಿಡಿಸಿ, ಕಲ್ಲು ಕಟ್ಟಿ, ಸಣ್ಣ ಕಾಲುವೆಯಿಂದ ಕಟ್ಟೆಗೆ ಹರಿಯಿಸಿ, ರಾತ್ರಿ ಕೂಡಿದ ನೀರನ್ನು ಹಗಲು ಸರದಿಯಂತೆ ಹಂಚುವುದು. ವರ್ಷವರ್ಷವೂ ಎಲ್ಲರೂ ಸೇರಿ ಹೂಳು ತೆಗೆದರೆ ಮಾತ್ರ ಅದು ಹರಿಯುವುದು. ಒಗ್ಗಟ್ಟು ಮುರಿದ ಊರಿನಲ್ಲಿ ತಲಪರಿಗೆಯೂ ಬತ್ತುವುದು.

ಬೇಸಗೆಯಲ್ಲಿ ಕೆರೆ ಒಣಗಿದೊಡನೆ ಗಾಡಿಗಳು ಅದರ ಒಡಲಿಗಿಳಿಯುವುವು. ಮಳೆಯ ನೀರು ಹೊಲಗಳಿಂದ ಕೊಚ್ಚಿ ತಂದ ನುಣ್ಣನೆಯ ಗೋಡನ್ನು ಅಗೆದು ತೋಟಕ್ಕೂ ಹೊಲಕ್ಕೂ ಹೊಡೆಯುವರು. ಕಳೆದುಹೋದ ಸಾರವು ಮರಳಿ ನೆಲಕ್ಕೆ ಬರುವುದು, ಕೆರೆಯೂ ಆಳವಾಗುವುದು. ಮರಳುಮಿಶ್ರಿತ ಕೆಂಪುನೆಲದಲ್ಲಿ ಗೋಡು ಬಿದ್ದ ಪಾತಿಯು ತೇವವನ್ನು ಹೆಚ್ಚು ದಿನ ಹಿಡಿದಿಡುವುದರಿಂದ ನೀರಿನ ಖರ್ಚೂ ಇಳಿಯುವುದು. ಅದರ ಮೇಲೆ ಹೊಂಗೆಯ ಸೊಪ್ಪನ್ನೂ ತರಗನ್ನೂ ಮುಚ್ಚುವರು. ಬಿಸಿಲಿನ ಝಳವು ಬೇರನ್ನು ಮುಟ್ಟದು, ಸೊಪ್ಪು ಕೊಳೆತು ಗೊಬ್ಬರವೂ ಆಗುವುದು. ಈ ಸೀಮೆಗೆ ಹೆಚ್ಚಿನ ಮಳೆಯು ಉತ್ತರೆ, ಹಸ್ತಗಳ ಕಾಲದಲ್ಲಿ ಬರುವುದರಿಂದ ಬೇಸಗೆಯಲ್ಲಿಯೇ ಗುಂಡಿ ತೋಡಿ ಬಿಸಿಲಿಗೆ ಒಡ್ಡಿ, ಗೋಡು ಗೊಬ್ಬರಗಳನ್ನು ತುಂಬಿ ಕಾಯುವುದು ಜಾಣತನ.

ನೀರನ್ನೇ ಕೇಳದ ತೋಟವೂ ಇಲ್ಲಿ ಒಂದುಂಟು; ಅದನ್ನು ತೋಟವೆಂದು ಯಾರೂ ಕರೆಯುವುದಿಲ್ಲ. ಹೊಲದ ಬದುವಿನ ಹುಣಿಸೆ, ಬೇವು, ಹೊಂಗೆ, ಗುಡ್ಡದ ಸೀತಾಫಲ, ಎಲಚಿ, ನೆಲ್ಲಿ, ಹಳ್ಳದ ದಂಡೆಯ ನೇರಳೆ, ಇವುಗಳಿಗೆ ಎಳೆತನದ ಎರಡು ಮೂರು ಬೇಸಗೆಗಳಲ್ಲಿ ಕೊಡ ನೀರು ಎರೆದು ದನಕರುಗಳಿಂದ ಕಾಪಾಡಿದರೆ ಸಾಕು, ಮುಂದಿನ ತಲೆಮಾರುಗಳವರೆಗೆ ಸಾಕುವುವು. ಶೇಂಗಾ ಬೆಳೆಯು ಕೈಕೊಟ್ಟ ವರ್ಷದಲ್ಲಿ ಮನೆಯ ಹುಣಿಸೆಮರವೊಂದು ಕೈಗೆ ನಾಲ್ಕು ಕಾಸು ತರುವುದನ್ನು ಕಂಡ ರೈತನು ಅದನ್ನು ಸುಲಭವಾಗಿ ಕಡಿಯಲಾರನು.

ದೊಡ್ಡಉಳ್ಳಾರ್ತಿಯ ಹೆಸರು ಈ ಚರಿತ್ರೆಯಲ್ಲಿ ಬರುವುದು ಅಲ್ಲಿನ ಕಾವಲಿನಿಂದ. ಕಾವಲೆಂದರೆ ಬೀಡುನೆಲವೆಂದು ತಿಳಿಯುವುದು ದೊಡ್ಡ ಪ್ರಮಾದ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಮೊದಲಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ರಾಸುಗಳಿಗೆ ಮೀಸಲಾದ ಹುಲ್ಲುಗಾವಲುಗಳಲ್ಲಿ ದೊಡ್ಡಉಳ್ಳಾರ್ತಿಯ ಕಾವಲೂ ಒಂದು. ಹುಲ್ಲಿನಿಂದ ದನ, ಕುರಿ, ಅವುಗಳಿಂದ ಗೊಬ್ಬರ, ಗೊಬ್ಬರದಿಂದ ಹೊಲ, ತೋಟ. ಹೊಲದಲ್ಲಿ ರಾತ್ರಿ ಕುರಿಯ ಮಂದೆಯನ್ನು ನಿಲ್ಲಿಸಿಕೊಳ್ಳುವುದಕ್ಕೆ ಕುರಿಯವರಿಗೆ ಕಾಳುಕಡ್ಡಿ ಕೊಡುವ ವಾಡಿಕೆಯು ಈ ಸೀಮೆಯಲ್ಲಿ ಹಿಂದಿನಿಂದಲೂ ಇರುವುದು. ಚಳ್ಳಕೆರೆಯ ಕಂಬಳಿಗೆ ಹೆಸರು ತಂದ ಕುರಿಯೇ ನೆಲಕ್ಕೆ ಸಾರವನ್ನೂ ತಂದಿತು. 2010ರ ಸುಮಾರಿನಲ್ಲಿ ಉಳ್ಳಾರ್ತಿ, ಖುದಾಪುರ ಮೊದಲಾದ ಕಾವಲುಗಳ ಸುಮಾರು 10,000 ಎಕರೆ ನೆಲವು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇತರ ಉದ್ಯಮಕ್ಕೂ ಹಂಚಿಕೆಯಾಯಿತು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಜ್ಞಾನವು ಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಕಾವಲನ್ನು ಕಳೆದುಕೊಂಡ ಊರು ಮೇವನ್ನು ಮಾತ್ರವೇ ಅಲ್ಲ, ತನ್ನ ಗೊಬ್ಬರದ ಗುಂಡಿಯನ್ನೂ ಕಳೆದುಕೊಂಡಿತೆಂಬುದನ್ನು ಆಗ ಲೆಕ್ಕಕ್ಕೆ ಹಿಡಿದವರು ಕಡಮೆ.

ದೊಡ್ಡ ನೀರಾವರಿಯ ಕಥೆಯು ಹಿರಿಯೂರಿನ ಮಾರಿಕಣಿವೆಯಿಂದ ಆರಂಭವಾಗುವುದು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರವು ಕಳೆದು ಎರಡು ದಶಕಗಳಾದ ಮೇಲೆ, 1898ರಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸವು ತೊಡಗಿ 1907ರಲ್ಲಿ ಮುಗಿಯಿತು. ಮಹಾಮಾತೃಶ್ರೀ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಧರಿಸಿದ ಈ ಸಾಗರವು ಸುಮಾರು 30 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯಬಲ್ಲುದು. ಅದರ ಕೆಳಗೆ ಹಿರಿಯೂರಿನಲ್ಲಿ ತೆಂಗು ಅಡಕೆಗಳು ಎದ್ದುವು. ಬಬ್ಬೂರಿನ ಕ್ಷೇತ್ರದಲ್ಲಿ ಬೇಸಾಯದ ಸಂಶೋಧನೆಯು ನಡೆಯಿತು. 1908ರಲ್ಲಿ ಮೈಸೂರಿಗೆ ಬಂದ ಕ್ರುಂಬಿಗಲ್ ಅವರು ಲಾಲ್‌ಬಾಗನ್ನು ಬೆಳೆಸಿ ಸಂಸ್ಥಾನದ ಉದ್ಯಾನಗಳಿಗೆ ರೂಪ ಕೊಟ್ಟರು. ಆದರೆ ಹಣ್ಣಿನ ಗಿಡವು ಅರಮನೆಯ ಉದ್ಯಾನದಿಂದ ಮಳೆಯಾಶ್ರಯದ ರೈತನ ಹೊಲಕ್ಕೆ ಇಳಿದುದು ಡಾಕ್ಟರ್ ಎಂ. ಎಚ್. ಮರಿಗೌಡರ ಕಾಲದಲ್ಲಿ. 1963ರಿಂದ ತೋಟಗಾರಿಕೆಯ ನಿರ್ದೇಶಕರಾಗಿದ್ದ ಅವರು ರಾಜ್ಯದ ತುಂಬ ಸಸ್ಯಕ್ಷೇತ್ರಗಳನ್ನು ತೆರೆಯಿಸಿ, ಕಡಮೆ ನೀರಿನಲ್ಲಿ ನಿಲ್ಲುವ ಫಲವೃಕ್ಷಗಳನ್ನು ಒಣನಾಡಿನವರು ಬೆಳೆಯಬೇಕೆಂದು ಸಾರಿದರು. ಚಳ್ಳಕೆರೆಯಂತಹ ಸೀಮೆಗೆ ಇದಕ್ಕಿಂತ ಹಿತವಾದ ಮಾತು ಬೇರೆಯಿಲ್ಲ.

ಆ ಮಾತು ಪೂರ್ತಿಯಾಗಿ ಕಿವಿಗೆ ಬೀಳುವ ಮುನ್ನವೇ ಕೊಳವೆಬಾವಿಯು ಬಂದಿತು. ಕಪಿಲೆಯ ಬಾವಿಯು ಬತ್ತಿದರೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಕೊಳವೆಬಾವಿಯ ನೀರಿನ ಮಟ್ಟವು ಯಾರಿಗೂ ಕಾಣದು. ಕೆರೆಯನ್ನು ನೋಡಿ ತೋಟವನ್ನು ಅಳೆಯುವ ಪದ್ಧತಿಯು ತಪ್ಪಿ, ತೋಟವನ್ನು ಹಾಕಿ ನೀರನ್ನು ಹುಡುಕುವ ಪದ್ಧತಿಯು ಬಂದುದು ಹೀಗೆ. ಒಣನೆಲದಲ್ಲಿ ಅಡಕೆಯು ಏರಿತು. ಒಬ್ಬನು ಆಳಕ್ಕೆ ಕೊರೆದರೆ ನೆರೆಯವನು ಇನ್ನೂ ಆಳಕ್ಕೆ ಕೊರೆಯುವನು. ನೀರುಗಂಟಿಗೆ ಕೆಲಸವಿಲ್ಲ, ಕೆರೆಯ ಹೂಳೆತ್ತುವವರಿಲ್ಲ. ಅಂತರ್ಜಲದ ಸರಕಾರೀ ಗಣನೆಯಲ್ಲಿ ಚಳ್ಳಕೆರೆಯು ಅತಿಬಳಕೆಯ ತಾಲ್ಲೂಕುಗಳ ಪಟ್ಟಿಗೆ ಸೇರಿತು. ದಾಳಿಂಬೆಯನ್ನು ನಂಬಿದವರಲ್ಲಿ ಕೆಲವರಿಗೆ ಲಾಭವಾದರೂ ದುಂಡಾಣು ಅಂಗಮಾರಿಯು ಬಹಳ ತೋಟಗಳನ್ನು ಕೆಡಿಸಿತು. ಒಂದೇ ಬೆಳೆಯನ್ನು ಎಕರೆಗಟ್ಟಲೆ ಹಾಕಿದವನಿಗೆ ರೋಗ ಬಂದಾಗ ಬೇರೆ ಆಸರೆಯಿರದು. ಬದುವಿನಲ್ಲಿ ಹುಣಿಸೆ ನೆಲ್ಲಿಗಳನ್ನು ಉಳಿಸಿಕೊಂಡವನು ಅಷ್ಟಾಗಿ ಕಂಗೆಡಲಿಲ್ಲ.

ಹನಿ ನೀರಾವರಿಯು ಇಸ್ರೇಲಿನಲ್ಲಿ 1960ರ ದಶಕದಲ್ಲಿ ರೂಢಿಗೆ ಬಂದು ಇಲ್ಲಿಗೂ ತಲಪಿ ಬಹಳ ಉಪಕಾರ ಮಾಡಿರುವುದು. ಆದರೆ ಬೇರಿಗೆ ಮಾತ್ರ ತೊಟ್ಟುತೊಟ್ಟಾಗಿ ನೀರು ಕೊಡುವ ವಿಚಾರವು ಹೊಸದಲ್ಲ. ಮಣ್ಣಿನ ಮಡಕೆಯನ್ನು ನೆಲದಲ್ಲಿ ಹೂತು, ನೀರು ತುಂಬಿ, ಸುತ್ತ ಬಳ್ಳಿಗಳನ್ನು ಬೆಳೆಸುವ ಕ್ರಮವನ್ನು ಚೀನಾದೇಶದ ಎರಡು ಸಾವಿರ ವರ್ಷಗಳ ಹಿಂದಿನ ಕೃಷಿಗ್ರಂಥವು ಹೇಳಿರುವುದು. ಸರಿಯಾಗಿ ಬೆಂದ ಮಡಕೆಯೊಂದು, ಬಾಯಿಗೆ ಮುಚ್ಚಳವೊಂದು ಇದ್ದರೆ ಮಠದ ಹಿತ್ತಿಲಲ್ಲಿಯೂ ಇದನ್ನು ಮಾಡಿ ನೋಡಬಹುದು. ಎಳೆಯ ಬಿಲ್ವದ ಗಿಡವು ಬೇಸಗೆಯನ್ನು ದಾಟಲು ಇದು ತಕ್ಕ ಉಪಾಯ. ಒಂದು ಎಚ್ಚರಿಕೆ ಮಾತ್ರ ಬೇಕು: ಹನಿಯಿಂದ ಉಳಿದ ನೀರಿನಲ್ಲಿ ಇನ್ನಷ್ಟು ಎಕರೆ ಅಡಕೆ ಹಾಕುವುದಾದರೆ ಉಳಿತಾಯವೆಂಬುದು ಬರಿಯ ಮಾತಾಗುವುದು.

ಮಾರಿಕಣಿವೆಯ ನೀರನ್ನು ನಂಬಿದವರ ಪಾಡೂ ಇದಕ್ಕಿಂತ ಬೇರೆಯಾಗಲಿಲ್ಲ. ಸತತ ಬರದಿಂದ 2017ರಿಂದ 2019ರವರೆಗೆ ಸಾಗರವು ತಳಕ್ಕಿಳಿದಾಗ ಹಿರಿಯೂರಿನ ಹಳೆಯ ತೆಂಗಿನ ತೋಟಗಳು ತಲೆಯೊಣಗಿ ನಿಂತುವು. ಹಿರಿಯರು ನೆಟ್ಟ ಮರಗಳನ್ನು ಮಕ್ಕಳೇ ಕಡಿದು ಮಾರಬೇಕಾಯಿತು. ಬಳಿಕ ಭದ್ರಾ ಮೇಲ್ದಂಡೆಯ ಕಾಲುವೆಯಿಂದ ನೀರು ಬಂದಿತು, ಮಳೆಯೂ ಕೈಹಿಡಿಯಿತು. 1933ರಲ್ಲಿ ತುಂಬಿದ ಸಾಗರವು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ತರುವಾಯ, ಮತ್ತೆ 130 ಅಡಿ ಮುಟ್ಟಿ ಕೋಡಿ ಹರಿಯಿತು. ತೆಂಗಿನ ಮರವು ಬಾಳುವುದು ಅರವತ್ತು ಎಂಬತ್ತು ವರ್ಷ. 1933ರ ಕೋಡಿಯ ವರ್ಷದಲ್ಲಿ ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಇನ್ನೊಂದು ಕೋಡಿಯನ್ನು ಕಾಣಲಿಲ್ಲ. 2025ರ ಜನವರಿಯಲ್ಲಿ ಸಾಗರವು ಇನ್ನೊಮ್ಮೆ ತುಂಬಿತು.